ಮನ್ರೋ ಕೂತ ಎರಡು ಕುರ್ಚಿ

ಸಿರುಗುಪ್ಪದ ಕಡೆ ಹೊಲದ ಮಾತು ಶುರುವಾದರೆ ಗುಂಟೆ ಬರುವುದಕ್ಕೆ ಹೆಚ್ಚು ಹೊತ್ತು ಬೇಡ. 'ಮೂರು ಎಕರೆ ಹನ್ನೆರಡು ಗುಂಟೆ' ಅನ್ನುವಾಗ ಆ ಹನ್ನೆರಡರ ಮೇಲೆ ದನಿ ಒಂದು ತೂಕ ಏರುತ್ತದೆ. ಅಣ್ಣತಮ್ಮಂದಿರ ವ್ಯಾಜ್ಯಗಳೆಲ್ಲ ಹುಟ್ಟುವುದು ಗುಂಟೆಯಲ್ಲಿಯೇ, ಎಕರೆಯಲ್ಲಿ ಅಲ್ಲ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಕೂಡಿದರೆ ಎಕರೆ. 1802ರಿಂದ ಮುಂದೆ ಕೆಲವು ವರ್ಷ ಈ ಸೀಮೆಯ ಎರೆಹೊಲ, ಮಸಾರಿಹೊಲಗಳ ಮೇಲೆಲ್ಲ ಒಂದು ಅಳತೆಯ ಸರಪಳಿ ಓಡಾಡಿತು. ಅದರ ಉದ್ದವೂ 33 ಅಡಿಯೇ. ಓಡಾಡಿಸಿದವನು ಥಾಮಸ್ ಮನ್ರೋ.

ಬಳ್ಳಾರಿಯವರಿಗೆ ಈ ಹೆಸರು ಹೊಸದಲ್ಲ. ಕಂದಾಯವನ್ನು ರೈತನಿಂದಲೇ ನೇರವಾಗಿ ಪಡೆಯುವ ರೈತವಾರಿ ಪದ್ಧತಿಯವನು ಎಂದು ಶಾಲೆಯ ಪುಸ್ತಕ ಹೇಳುತ್ತದೆ. ರಾಯರ ದರ್ಶನವಾದ ದೊರೆ ಎಂದು ಮಂತ್ರಾಲಯದ ದಾರಿ ಹೇಳುತ್ತದೆ. ಎರಡೂ ಹೇಳದೆ ಬಿಡುವ ಸಂಗತಿಯೊಂದಿದೆ. ಈ ಮನುಷ್ಯ ತನ್ನ ಬದುಕಿನ ಬಹುಭಾಗ ಎರಡು ಕುರ್ಚಿಗಳಲ್ಲಿ ಒಟ್ಟಿಗೇ ಕೂತಿದ್ದ. ಒಂದು ಕಂದಾಯ ವಸೂಲಿ ಮಾಡುವವನದು, ಇನ್ನೊಂದು ನ್ಯಾಯ ಹೇಳುವವನದು. ಕೂತದ್ದು ಮಾತ್ರವಲ್ಲ, ಅವೆರಡೂ ಒಬ್ಬನದೇ ಆಗಿರಬೇಕೆಂದು ವಾದಿಸಿ, ಗೆದ್ದು, ಕಾನೂನೂ ಮಾಡಿಸಿದ.

ಅವನನ್ನು ಇಲ್ಲಿಗೆ ತಳ್ಳಿದ್ದು ಅಮೆರಿಕ ಎಂದರೆ ನಗು ಬರಬಹುದು. ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಪ್ಪ ವರ್ಜೀನಿಯಾದ ಜೊತೆ ವ್ಯಾಪಾರ ಇಟ್ಟುಕೊಂಡಿದ್ದ ಸಾಹುಕಾರ. ಅಮೆರಿಕದ ವಸಾಹತುಗಳು ಬ್ರಿಟನ್ನಿನ ಮೇಲೆ ತಿರುಗಿಬಿದ್ದಾಗ ಆ ವ್ಯಾಪಾರ ಮುಳುಗಿತು, ಮನೆ ಬರಿದಾಯಿತು. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿ 1780ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದ. ಅದೇ ವರ್ಷ ಹೈದರಾಲಿ ಕಂಪನಿಯ ಸೈನ್ಯವನ್ನು ಪೊಲ್ಲಿಲೂರಿನಲ್ಲಿ ಪುಡಿಮಾಡಿದ. ಅಮೆರಿಕದಲ್ಲಿ ಸೋಲುತ್ತಿದ್ದ ಬ್ರಿಟಿಷರು ಇಲ್ಲಿಯೂ ಸೋಲುವುದನ್ನು ನೋಡುತ್ತ ಹುಡುಗ ದೊಡ್ಡವನಾದ.

ವರ್ಜೀನಿಯಾದ ಮಾತು ಬಂದದ್ದರಿಂದ ಅಲ್ಲಿನ ಇನ್ನೊಬ್ಬನನ್ನೂ ನೆನೆಯಬೇಕು. ಜಾನ್ ಮಾರ್ಷಲ್ ಮನ್ರೋಗಿಂತ ಆರು ವರ್ಷ ಹಿರಿಯ. ವಕೀಲ, ಆ ರಾಜ್ಯದ ಶಾಸನಸಭೆಯ ಸದಸ್ಯ, ಆಮೇಲೆ ದೇಶದ ವಿದೇಶಾಂಗ ಸಚಿವ. 1801ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶನಾದ. ಸುಮಾರು ಒಂದು ತಿಂಗಳು ಸಚಿವನ ಕುರ್ಚಿಯನ್ನೂ ಬಿಡಲಿಲ್ಲ. ಆ ಅವಸರದಲ್ಲಿ ಸಚಿವ ಮಾರ್ಷಲ್ ಮುದ್ರೆ ಒತ್ತಿ ತಲುಪಿಸದೆ ಬಿಟ್ಟ ನೇಮಕಾತಿ ಪತ್ರವೊಂದರ ವ್ಯಾಜ್ಯ 1803ರಲ್ಲಿ ನ್ಯಾಯಾಧೀಶ ಮಾರ್ಷಲ್ಲನ ಮುಂದೆಯೇ ಬಂತು. ಶಾಸನಸಭೆ ಮಾಡಿದ ಕಾನೂನನ್ನೂ ಕೋರ್ಟು ತಳ್ಳಿಹಾಕಬಹುದೆಂಬ ಅಮೆರಿಕದ ಪ್ರಸಿದ್ಧ ತೀರ್ಪು ಹುಟ್ಟಿದ್ದು ಆ ಮೊಕದ್ದಮೆಯಲ್ಲಿ. ಅಂದರೆ ಆ ಕಾಲದಲ್ಲಿ ಒಬ್ಬನೇ ಎರಡು ಕುರ್ಚಿಯಲ್ಲಿ ಕೂರುವುದು ಎಲ್ಲೂ ಅಪರೂಪವಾಗಿರಲಿಲ್ಲ. ವ್ಯತ್ಯಾಸ ಇಷ್ಟೆ: ಮಾರ್ಷಲ್ ಒಂದು ತಿಂಗಳಿಗೆ ಒಂದು ಕುರ್ಚಿ ಬಿಟ್ಟ. ಮನ್ರೋ ಬಳ್ಳಾರಿ ಸೀಮೆಯಲ್ಲಿ ಅವೆರಡನ್ನೂ ಜೋಡಿಸಿ ಮೊಳೆ ಹೊಡೆದ.

ತಮಿಳು ಸೀಮೆಯ ಬಾರಾಮಹಲಿನಲ್ಲಿ ಏಳು ವರ್ಷ ಕಂದಾಯದ ಕೆಲಸ ಕಲಿತು, ಟಿಪ್ಪು ಬಿದ್ದ ಮೇಲೆ ಕರಾವಳಿಯ ಕೆನರಾದಲ್ಲಿ ಬೈದುಕೊಂಡೇ ದಿನ ಕಳೆದು, 1800ರ ಕೊನೆಗೆ ಮನ್ರೋ ಇತ್ತ ಬಂದ. ಟಿಪ್ಪುವಿನಿಂದ 1792ರಲ್ಲೂ 1799ರಲ್ಲೂ ಕಿತ್ತುಕೊಂಡು ನಿಜಾಮನ ಪಾಲಿಗೆ ಕೊಟ್ಟಿದ್ದ ಪ್ರಾಂತ್ಯಗಳವು. ತನ್ನ ರಾಜ್ಯದಲ್ಲಿ ಕಂಪನಿಯ ಸೈನ್ಯ ಇಟ್ಟುಕೊಳ್ಳುವ ಖರ್ಚಿಗೆಂದು ನಿಜಾಮ 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಅವನ್ನು ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಒಂದು ಪಾಲು ಸೇರಿ ದತ್ತ ಮಂಡಲ. ಜನಸಂಖ್ಯೆ ಸುಮಾರು 20 ಲಕ್ಷ. ಇಷ್ಟಕ್ಕೆಲ್ಲ ಒಬ್ಬ ಮುಖ್ಯ ಕಲೆಕ್ಟರ್, ಕೈಕೆಳಗೆ ನಾಲ್ವರು ಅಧೀನ ಕಲೆಕ್ಟರುಗಳು. ಅವರಲ್ಲೊಬ್ಬ ವಿಲಿಯಂ ಠಾಕ್ರೆ. ಈ ಮನೆತನದ ಹೆಸರನ್ನು ಕನ್ನಡಿಗರು ಇನ್ನೊಂದು ಕಾರಣಕ್ಕೆ ಬಲ್ಲರು: 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ ಕಲೆಕ್ಟರ್ ಸೇಂಟ್ ಜಾನ್ ಠಾಕ್ರೆ ಈ ವಿಲಿಯಮ್ಮನ ತಮ್ಮ. ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರಿನಲ್ಲೇ ಸತ್ತ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ನಮ್ಮ ಮನ್ರೋನ ಅಣ್ಣತಮ್ಮಂದಿರ ಮಗ. ಚೆನ್ನಮ್ಮನ ಕಥೆ ಹೇಳುವಾಗ ಬಳ್ಳಾರಿಯ ಈ ನಂಟನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ಕಥೆ ಇನ್ನೂ ಗಟ್ಟಿಯಾಗುತ್ತದೆ.

ಮನ್ರೋ ಬಂದಾಗ ಇಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಊರೂರಿಗೆ ಬುರುಜು, ಬುರುಜಿಗೊಬ್ಬ ಯಜಮಾನ. ಕುರುಗೋಡಿನ ಗುಡ್ಡದ ಕೋಟೆ, ಹಂಡೆ ನಾಯಕರು ಕಟ್ಟಿ ಹೈದರಾಲಿ ಕಸಿದುಕೊಂಡ ಬಳ್ಳಾರಿಯ ಬಂಡೆಕೋಟೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪನಿಯ ದಂಡು ಒಂದೊಂದೇ ಪಾಳೆಯವನ್ನು ಒಡೆಯುತ್ತ ಹೋಯಿತು. ಕೆಲವರಿಗೆ ವರ್ಷಾಶನ, ಕೆಲವರಿಗೆ ಸೆರೆ, ಕೆಲವರಿಗೆ ಗಡೀಪಾರು. 1801ರಲ್ಲಿ ಆದೋನಿ ಸೀಮೆಯ ತೆರ್ನೇಕಲ್ಲಿನವರು ಕಂದಾಯಕ್ಕೆ ಬಂದ ತಹಶೀಲ್ದಾರನನ್ನು ಕೊಂದರು. ಮೊದಲು ಬಂದ ಸೈನ್ಯ ಆ ಊರಿನ ಕೋಟೆಯನ್ನು ಹಿಡಿಯಲಾಗದೆ ಹಿಂದಿರುಗಿತು. ಮತ್ತೆ ದೊಡ್ಡ ಸೈನ್ಯ ಬಂದು ಒಡೆಯಿತು, ಗೌಡನನ್ನು ನೇಣಿಗೆ ಹಾಕಿದರು. ಕಂದಾಯ ಕೇಳಿದವರೂ, ತಪ್ಪಿತಸ್ಥ ಯಾರೆಂದು ನಿರ್ಧರಿಸಿದವರೂ, ಹಗ್ಗ ಬಿಗಿದವರೂ ಒಂದೇ ಕಚೇರಿಯ ಜನ. ಮನ್ರೋನ ದಯೆಯ ಕಥೆಗಳನ್ನು ಹೇಳುವವರು ತೆರ್ನೇಕಲ್ಲನ್ನೂ ಪಕ್ಕದಲ್ಲಿಟ್ಟುಕೊಂಡು ಹೇಳಬೇಕು. ಪಾಳೆಯಗಾರರನ್ನು ನಡೆಸಿಕೊಂಡ ರೀತಿಗೆ ಲಂಡನ್ನಿನ ನಿರ್ದೇಶಕರೇ ಹುಬ್ಬುಗಂಟಿಕ್ಕಿದ್ದರು. ಅವನು ತನ್ನನ್ನು ಸಮರ್ಥಿಸಿಕೊಂಡನೇ ಹೊರತು ತಲೆ ತಗ್ಗಿಸಲಿಲ್ಲ.

ಆದರೆ ಅವನು ಬಂಗಲೆಯಲ್ಲಿ ಕೂತು ಕಾಗದ ಬರೆದವನಲ್ಲ. ಮುಖ್ಯ ಠಾಣೆ ಅನಂತಪುರವೆಂದಿದ್ದರೂ ಮೊದಲ ವರ್ಷಗಳು ಹೆಚ್ಚುಕಡಿಮೆ ಡೇರೆಯಲ್ಲೇ ಕಳೆದವು. ಡೇರೆ ಬಿದ್ದ ಕಡೆ ಕಚೇರಿ. ಗೌಡರು, ಶಾನುಭೋಗರು, ರೈತರು ಬಂದು ಎದುರು ಕೂರುತ್ತಿದ್ದರು. ಮುಂಜಾನೆಯಿಂದ ಸಂಜೆವರೆಗೆ ಜಮಾಬಂದಿ, ನಡುನಡುವೆ ಬದುವಿನ ಜಗಳ, ಇನಾಮಿನ ತಕರಾರು, ಕಳವಿನ ದೂರು. ಯಾವ ಹೊಲ ತರಿ, ಯಾವುದು ಖುಷ್ಕಿ, ಯಾವುದಕ್ಕೆ ಬಾವಿ ಉಂಟು, ಶಾನುಭೋಗ ಯಾವ ಹೊಲವನ್ನು ಲೆಕ್ಕದಿಂದ ಬಚ್ಚಿಟ್ಟಿದ್ದಾನೆ ಎನ್ನುವುದೆಲ್ಲ ಈ ಮಾತುಕತೆಯಲ್ಲೇ ಹೊರಬೀಳುತ್ತಿತ್ತು. ಅವನ ನಂಬಿಕೆ ಹುಟ್ಟಿದ್ದು ಈ ಡೇರೆಯಲ್ಲಿ. ಊರನ್ನು ಬಲ್ಲವನು ಕಂದಾಯದವನು. ಹಾಗಾಗಿ ನ್ಯಾಯ ಹೇಳಬಲ್ಲವನೂ ಅವನೇ. ಜಿಲ್ಲೆಯ ದೊಡ್ಡೂರಿನಲ್ಲಿ ಕೂತು, ಜನರ ಮಾತು ತಿಳಿಯದೆ, ಹಾಳೆಗಳನ್ನು ಮಾತ್ರ ಓದುವ ಆಂಗ್ಲ ಜಡ್ಜಿಗೆ ಏನು ಗೊತ್ತು?

ಆ ಕಾಲಕ್ಕೆ ಬಂಗಾಳದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹಾಕಿದ ಪದ್ಧತಿ ಇದಕ್ಕೆ ವಿರುದ್ಧ. ಕಲೆಕ್ಟರ್ ಬೇರೆ, ಜಡ್ಜ್ ಬೇರೆ. ಮ್ಯಾಜಿಸ್ಟ್ರೇಟಿಕೆಯೂ ಪೊಲೀಸೂ ಜಡ್ಜಿನ ಕೈಯಲ್ಲಿ. ತೆರಿಗೆಯವನೇ ತೀರ್ಪುಗಾರನಾದರೆ ರೈತ ಯಾರ ಬಳಿ ಹೋಗಿ ದೂರಬೇಕು ಎಂಬುದು ಅದರ ಹಿಂದಿನ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಈ ಪದ್ಧತಿ ದತ್ತ ಮಂಡಲಕ್ಕೆ ಬಂದದ್ದು 1806ರಲ್ಲಿ, ಮನ್ರೋ ಹೊರಡುವ ಹೊತ್ತಿಗೆ. ಅವನಿಗೆ ಅದು ಹಿಡಿಸಲೇ ಇಲ್ಲ.

ಈ ಪ್ರಶ್ನೆಗೆ ಮನ್ರೋ ಬಾಯಲ್ಲಿ ಕೊಟ್ಟ ಉತ್ತರಕ್ಕಿಂತ ನಡೆದು ತೋರಿಸಿದ ಉತ್ತರ ದೊಡ್ಡದು, ಅದು ಅವನ ವಾದವನ್ನೇ ಕೆಡಿಸುವಂಥದ್ದು ಕೂಡ. ಏಳು ವರ್ಷದಲ್ಲಿ ಅವನು ದತ್ತ ಮಂಡಲದ ಕಂದಾಯವನ್ನು ಸುಮಾರು 4 ಲಕ್ಷ ಪೌಂಡಿನಿಂದ 6 ಲಕ್ಷ ಪೌಂಡಿಗೆ ಏರಿಸಿದ್ದ. ಕಂಪನಿಗೆ ಹಿಗ್ಗೋ ಹಿಗ್ಗು. ಹಾಗೆ ಏರಿಸಿದವನೇ 1807ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಮದರಾಸಿಗೆ ಬರೆದ: ಕಂದಾಯ ಭಾರವಾಗಿದೆ, ಬೆಳೆಯ ಅರ್ಧದ ಹತ್ತಿರ ಹೋಗುತ್ತಿದೆ. ಎಲ್ಲ ಹೊಲಗಳಿಗೂ ನೂರಕ್ಕೆ 25 ಇಳಿಸಬೇಕು. ಬಾವಿಯಿಂದಲೋ ಹೊಳೆಹಳ್ಳಗಳಿಂದಲೋ ನೀರು ಎತ್ತಿ ಬೇಸಾಯ ಮಾಡುವ ಹೊಲಕ್ಕೆ ಇನ್ನೂ 8, ಒಟ್ಟು 33. ಹೀಗಾದರೆ ಸರ್ಕಾರದ ಪಾಲು ಬೆಳೆಯ ಮೂರನೆಯ ಒಂದು ಭಾಗಕ್ಕೆ ನಿಲ್ಲುತ್ತದೆ, ಭೂಮಿಗೆ ಒಂದು ಬೆಲೆ ಬರುತ್ತದೆ, ರೈತ ಅದನ್ನು ತನ್ನದೆಂದುಕೊಳ್ಳುತ್ತಾನೆ.

ಅವನ ವೃತ್ತಿಯಲ್ಲಿ ಅವನು ಬರೆದ ಅತ್ಯುತ್ತಮ ತೀರ್ಪು ಇದೇ ಎಂದು ನನ್ನ ಎಣಿಕೆ. ಆರೋಪಿ ತಾನೇ, ಸಾಕ್ಷಿ ತಾನೇ, ಜಡ್ಜೂ ತಾನೇ. ಆದರೆ ಆ ತೀರ್ಪು ಜಾರಿಯಾಗಲಿಲ್ಲ. ಮದರಾಸು ಒಪ್ಪಲಿಲ್ಲ, ರೈತವಾರಿಯನ್ನೇ ಕೈಬಿಟ್ಟು, ಇಡೀ ಊರಿನ ಕಂದಾಯವನ್ನು ಒಬ್ಬ ಗುತ್ತಿಗೆದಾರನಿಗೆ ವಹಿಸುವ ಪದ್ಧತಿ ತಂದಿತು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದ ಗೌಡರು ದಿವಾಳಿ ಎದ್ದರು, ಊರುಗಳು ಸೊರಗಿದವು. 1807ರ ಆ ರಿಯಾಯಿತಿ ಬಳ್ಳಾರಿ ರೈತನ ಕೈಗೆ ಬಂದದ್ದು 1820ರಲ್ಲಿ, ಮನ್ರೋ ಸ್ವತಃ ಮದರಾಸಿನ ಗವರ್ನರ್ ಆಗಿ ಬಂದ ಮೇಲೆ. ನಡುವೆ 13 ವರ್ಷ. ಒಬ್ಬನೇ ಮನುಷ್ಯ ಎರಡು ಕುರ್ಚಿಯಲ್ಲಿ ಕೂತರೆ ನ್ಯಾಯ ಬೇಗ ಸಿಗುತ್ತದೆ ಎಂಬ ವಾದಕ್ಕೆ ಇದೇ ಎದುರು ಸಾಕ್ಷಿ. ನಿಜವಾದ ಮೂರನೆಯ ಕುರ್ಚಿ ಮದರಾಸಿನಲ್ಲಿತ್ತು, ಅದಕ್ಕೂ ಮೇಲಿನದು ಲಂಡನ್ನಿನಲ್ಲಿ.

ಲಂಡನ್ನಿನಲ್ಲಿ ಅವನು ಸುಮ್ಮನೆ ಕೂರಲಿಲ್ಲ. ಕಂಪನಿಯ ಸನ್ನದಿನ ನವೀಕರಣಕ್ಕೆಂದು 1813ರಲ್ಲಿ ನಡೆದ ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ. ಬೇಸಾಯದಲ್ಲಿ, ಕೈಗಾರಿಕೆಯಲ್ಲಿ, ಊರೂರಿನ ಶಾಲೆಗಳಲ್ಲಿ, ಅತಿಥಿ ಸತ್ಕಾರದಲ್ಲಿ ಹಿಂದೂಗಳು ಯುರೋಪಿನವರಿಗೆ ಕಡಿಮೆಯಲ್ಲ, ನಾಗರಿಕತೆಯನ್ನು ಸರಕಿನಂತೆ ಮಾರಾಟ ಮಾಡುವುದಾದರೆ ಅದನ್ನು ಆಮದು ಮಾಡಿಕೊಂಡು ಲಾಭ ಪಡೆಯುವುದು ಇಂಗ್ಲೆಂಡೇ ಎಂಬ ಅರ್ಥದ ಅವನ ಮಾತು ಆಗ ಬಹಳ ಸದ್ದು ಮಾಡಿತು. ಮುಂದಿನ ವರ್ಷ ನ್ಯಾಯಾಂಗ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮದರಾಸಿಗೆ ಹಿಂದಿರುಗಿದ. ಜೊತೆಗಾರ ಜಾರ್ಜ್ ಸ್ಟ್ರ್ಯಾಟನ್. ಆಯೋಗದ ಫಲವೇ 1816ರ ನಿಬಂಧನೆಗಳು.

ಊರಿನ ಗೌಡನೇ ಗ್ರಾಮ ಮುನ್ಸೀಫ. 10 ರೂಪಾಯಿವರೆಗಿನ ವ್ಯಾಜ್ಯ ಅವನೇ ತೀರಿಸಬಹುದು. ಅದಕ್ಕೆ ಮೇಲೆ ಜಿಲ್ಲಾ ಮುನ್ಸೀಫ, ಅವನೂ ಈ ನೆಲದವನೇ, 200 ರೂಪಾಯಿವರೆಗೆ. ಪಂಚಾಯ್ತಿ ಸೇರಿಸಿ ತೀರ್ಪು ಪಡೆಯುವವರಿಗೆ ಅದಕ್ಕೂ ಒಂದು ನಿಬಂಧನೆ. ಮತ್ತು ಎಲ್ಲಕ್ಕಿಂತ ಭಾರಿಯಾದದ್ದು: ಮ್ಯಾಜಿಸ್ಟ್ರೇಟಿಕೆ ಜಡ್ಜಿನ ಕೈಯಿಂದ ಕಲೆಕ್ಟರಿನ ಕೈಗೆ, ಪೊಲೀಸು ತಹಶೀಲ್ದಾರನ ಕೈಗೆ. ಕಂಪನಿಯ ಇತರ ಅಧಿಕಾರಿಗಳು ಈ ನೆಲದವರನ್ನು ಗುಮಾಸ್ತರ ಮೇಲೆ ಏರಿಸಲು ಅಂಜುತ್ತಿದ್ದ ಕಾಲದಲ್ಲಿ ಮನ್ರೋ ಅವರನ್ನು ನ್ಯಾಯಾಧೀಶರ ಪೀಠಕ್ಕೆ ಏರಿಸಿದ. ಇದು ಸಣ್ಣ ಮಾತಲ್ಲ. ಮುನ್ಸೀಫರ ಕೋರ್ಟುಗಳಿಗೆ ಜನ ಮುಗಿಬಿದ್ದರು, ಪದ್ಧತಿ ಬೇರೂರಿತು. ಪಂಚಾಯ್ತಿ ಮಾತ್ರ ಕಾಗದದಲ್ಲೇ ಉಳಿಯಿತು. ಮನ್ರೋ ಅದನ್ನೇ ಹೆಚ್ಚು ನಂಬಿದ್ದ; ಜನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಐದು ಜನರನ್ನು ಸರ್ಕಾರದ ನಿಬಂಧನೆಯ ಪ್ರಕಾರ ಕೂಡಿಸಿದರೆ ಅದು ಪಂಚಾಯ್ತಿ ಅನ್ನಿಸಿಕೊಳ್ಳುವುದಿಲ್ಲವೆಂದು ಊರಿನವರಿಗೆ ಗೊತ್ತಿತ್ತು.

ಈ ನಡುವೆ ಸಂಡೂರಿನ ಪ್ರಸಂಗ ಇದೆ. 1817ರಲ್ಲಿ ಪೇಶ್ವೆಯ ಒತ್ತಾಯಕ್ಕೆ ಕಂಪನಿ ಅಲ್ಲಿನ ದೊರೆ ಶಿವರಾವ್ ಘೋರ್ಪಡೆಯಿಂದ ಸಂಡೂರನ್ನು ಬಿಡಿಸಿಕೊಳ್ಳಬೇಕಾಯಿತು. ದಂಡು ತೆಗೆದುಕೊಂಡು ಹೋದವನು ಮನ್ರೋ. ಶಿವರಾವ್ ಕಾದಾಡದೆ ಶರಣಾದ. ಕೆಲವೇ ವಾರಗಳಲ್ಲಿ ಪೇಶ್ವೆಯೇ ಕಂಪನಿಯ ಮೇಲೆ ಯುದ್ಧ ಹೂಡಿ ರಾಜ್ಯ ಕಳೆದುಕೊಂಡ. ಸಂಡೂರು 1818ರಲ್ಲಿ ಶಿವರಾವನಿಗೆ ಹಿಂದಿರುಗಿತು, 1826ರಲ್ಲಿ ಗವರ್ನರ್ ಮನ್ರೋ ಸನ್ನದು ಕೊಟ್ಟ. ಕಸಿದುಕೊಂಡ ಕೈಯೇ ಕೊಟ್ಟಿತು. ಅದೇ ಯುದ್ಧದಲ್ಲಿ ಧಾರವಾಡ, ಬಾದಾಮಿಗಳ ಕಡೆ ಅವನು ಹೆಚ್ಚಾಗಿ ಊರವರನ್ನೇ ಪೇದೆಗಳಾಗಿ ಕೂಡಿಸಿಕೊಂಡು ಗೆದ್ದದ್ದು ಪ್ರತ್ಯೇಕ ಲೇಖನಕ್ಕಾಗುವ ಕಥೆ.

ಗವರ್ನರ್ ಆಗಿ ಅವನು ಮಾಡಿಸಿದ ಇನ್ನೊಂದು ಲೆಕ್ಕ ನಮಗೆ ಹೆಚ್ಚು ಹತ್ತಿರದ್ದು. 1822ರಲ್ಲಿ ಎಲ್ಲ ಕಲೆಕ್ಟರುಗಳಿಗೂ ತಮ್ಮ ಜಿಲ್ಲೆಯ ಶಾಲೆಗಳನ್ನು ಎಣಿಸಿ ಕಳಿಸಲು ಹೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ: ಜಿಲ್ಲೆಯ ಜನಸಂಖ್ಯೆ 9,27,857; ಶಾಲೆಗಳು 533; ಓದುವ ಮಕ್ಕಳು 6,641. ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದವು ಸಂಸ್ಕೃತ ಕಲಿಸುವ ಕಡೆಗಳು. ಈ ಕ್ಯಾಂಪ್‌ಬೆಲ್ ತೆಲುಗಿನ ವ್ಯಾಕರಣ ಬರೆದವನು; ಅವನ ಎಣಿಕೆಯಲ್ಲೇ, ಆಗಿನ್ನೂ ಅನಂತಪುರವನ್ನು ಒಳಗೊಂಡಿದ್ದ ಜಿಲ್ಲೆಯಲ್ಲೇ, ಕನ್ನಡ ಒಂಬತ್ತು ಶಾಲೆ ಮುಂದಿತ್ತು. ವರದಿಯಲ್ಲಿ ಇನ್ನೂ ಕಟುವಾದ ಮಾತಿದೆ. ಶಾಲೆಗಳು ಕಡಿಮೆಯಾಗುತ್ತಿರುವುದು ಜನ ಬಡವರಾಗುತ್ತಿರುವುದರಿಂದ. ಬಡವರಾಗುತ್ತಿರುವುದಕ್ಕೆ ಒಂದು ಕಾರಣ ಯುರೋಪಿನ ಹತ್ತಿಬಟ್ಟೆ ಬಂದು ಇಲ್ಲಿನ ನೇಕಾರರ ಹೊಟ್ಟೆಗೆ ಹೊಡೆದದ್ದು. ಇದನ್ನು ಬರೆದವನು ಕಂಪನಿಯ ಸಂಬಳದ ಕಲೆಕ್ಟರ್, ಓದಿದವನು ಕಂಪನಿಯ ಗವರ್ನರ್. ಇಬ್ಬರಿಗೂ ಗೊತ್ತಿತ್ತು.

ಜನ ಮನ್ರೋನನ್ನು ಹೇಗೆ ನೆನಪಿಟ್ಟುಕೊಂಡರು? ಸಿರುಗುಪ್ಪದಿಂದ ತುಂಗಭದ್ರೆಯ ಜೊತೆಗೇ ಕೆಳಗೆ ಹೋದರೆ ಮಂತ್ರಾಲಯ. ಮಠದ ಇನಾಮು ಭೂಮಿಯನ್ನು ಸರ್ಕಾರ ವಾಪಸು ತೆಗೆದುಕೊಳ್ಳಬೇಕೆಂದಾಗ ವಿಚಾರಣೆಗೆ ಮನ್ರೋ ಬಂದ, ಟೊಪ್ಪಿ ಬೂಟು ತೆಗೆದಿಟ್ಟು ಒಳಗೆ ಹೋದ, 1671ರಲ್ಲೇ ವೃಂದಾವನ ಪ್ರವೇಶಿಸಿದ್ದ ರಾಘವೇಂದ್ರಸ್ವಾಮಿಗಳು ಅವನೊಬ್ಬನಿಗೆ ಕಾಣಿಸಿ ಮಾತಾಡಿದರು, ಭೂಮಿ ಮಠಕ್ಕೇ ಉಳಿಯಿತು ಎಂಬುದು ಕಥೆ. ನಂಬುವವರು ನಂಬಲಿ, ಕಥೆಯ ಜಾಣತನವನ್ನು ಮಾತ್ರ ಎಲ್ಲರೂ ಒಪ್ಪಬೇಕು. ವಿಚಾರಣೆಗೆ ಬಂದ ಅಧಿಕಾರಿಯನ್ನೇ ಅದು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿಬಿಟ್ಟಿದೆ. ಮೂರನೆಯ ಕುರ್ಚಿ ಯಾವುದೆಂದು ಈ ಸೀಮೆಯವರು ತಮ್ಮ ರೀತಿಯಲ್ಲಿ ತೋರಿಸಿದರು.

ಅವನನ್ನು ಮಾಂಡವ್ಯ ಋಷಿ ಎಂದೂ ಕರೆದರಂತೆ. ಹೆಸರಿನ ಉಚ್ಚಾರಣೆಯ ಹೋಲಿಕೆಯಿಂದ ಬಂದದ್ದಿರಬೇಕು. ಆದರೆ ಮಹಾಭಾರತ ಬಲ್ಲವರಿಗೆ ಆಣಿಮಾಂಡವ್ಯ ಯಾರೆಂದು ಗೊತ್ತು. ಮಾಡದ ಕಳವಿಗೆ ರಾಜ ಶೂಲಕ್ಕೇರಿಸಿದ ಋಷಿ. ಆಮೇಲೆ ಯಮಧರ್ಮನ ಬಳಿಗೇ ಹೋಗಿ, ಈ ತೀರ್ಪು ಯಾವ ತಪ್ಪಿಗೆ ಎಂದು ಕೇಳಿ, ಶಿಕ್ಷೆ ಅತಿಯಾಯಿತೆಂದು ಯಮನಿಗೇ ಶಾಪ ಕೊಟ್ಟವನು. ಕಂದಾಯದ ದೊರೆಗೆ ಆ ಹೆಸರನ್ನು ಇಟ್ಟವರ ಮನಸ್ಸಿನಲ್ಲಿ ಗೌರವವಿತ್ತೋ ಕುಹಕವಿತ್ತೋ, ನಾನಂತೂ ಎರಡಕ್ಕೂ ಜಾಗ ಬಿಡುತ್ತೇನೆ.

1827ರಲ್ಲಿ ಊರಿಗೆ ಹೊರಡುವ ಮುನ್ನ ಕೊನೆಯ ಸಲ ದತ್ತ ಮಂಡಲ ನೋಡಿಬರಲು ಹೊರಟ. ದಾರಿಯಲ್ಲಿ ಬಿಡಾರಕ್ಕೆ ಕಾಲರಾ ಹೊಕ್ಕಿತು. ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡ. ಗುತ್ತಿಯಲ್ಲಿ ಹೂಳಿ, 1831ರಲ್ಲಿ ದೇಹಾವಶೇಷವನ್ನು ಮದರಾಸಿನ ಕೋಟೆಯ ಚರ್ಚಿಗೆ ಒಯ್ದರು. ಮದರಾಸಿನಲ್ಲಿ ಕುದುರೆಯ ಮೇಲೆ ಕೂತ ಅವನ ಕಂಚಿನ ಪ್ರತಿಮೆ ಇಂದಿಗೂ ಇದೆ.

ಅವನು ಜೋಡಿಸಿದ ಕುರ್ಚಿಗಳನ್ನು ಬೇರ್ಪಡಿಸಲು ಬಹಳ ಕಾಲ ಹಿಡಿಯಿತು. ಕಾಂಗ್ರೆಸ್ ತನ್ನ ಎರಡನೆಯ ಅಧಿವೇಶನದಲ್ಲಿ, 1886ರಲ್ಲೇ, ಕಾರ್ಯಾಂಗವನ್ನೂ ನ್ಯಾಯಾಂಗವನ್ನೂ ಬೇರೆ ಮಾಡಿ ಎಂದು ಕೇಳಿತ್ತು. ಸಂವಿಧಾನದ 50ನೆಯ ವಿಧಿ ಅದನ್ನೇ ಹೇಳಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯಲ್ಲಿ ವಿಚಾರಣೆ ನಡೆಸಿ ಶಿಕ್ಷೆ ಕೊಡುವ ಮ್ಯಾಜಿಸ್ಟ್ರೇಟರು ಹೈಕೋರ್ಟಿನ ಕೆಳಗೆ ಹೋದರು. ಶಾಂತಿಪಾಲನೆಯ ಮುಚ್ಚಳಿಕೆ, ನಿಷೇಧಾಜ್ಞೆಗಳಂಥವು ಕಂದಾಯ ಅಧಿಕಾರಿಗಳ ಕೈಯಲ್ಲೇ ಉಳಿದವು.

ಈ ನಡುವೆ ಮನ್ರೋನ ಜಿಲ್ಲೆಯೂ ಒಡೆಯಿತು. ಬಳ್ಳಾರಿ ಯಾರದೆಂಬ ಪ್ರಶ್ನೆ ಆಂಧ್ರ ರಾಜ್ಯ ಹುಟ್ಟುವ ಹೊತ್ತಿಗೆ ಬೀದಿಗೆ ಬಂದಾಗ, ಮೊದಲು ನ್ಯಾಯಮೂರ್ತಿ ವಾಂಛೂ, ಆಮೇಲೆ ಬಳ್ಳಾರಿ ತಾಲ್ಲೂಕಿಗೆಂದೇ ನ್ಯಾಯಮೂರ್ತಿ ಮಿಶ್ರಾ ವರದಿ ಕೊಟ್ಟರು. ಈ ಸಲ ತೀರ್ಪು ಹೇಳಲು ಬಂದವರಿಗೆ ಇಲ್ಲಿ ಕಂದಾಯದ ಬಾಕಿ ಇರಲಿಲ್ಲ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಕುರುಗೋಡು ಆಗ ಬಳ್ಳಾರಿ ತಾಲ್ಲೂಕಿನಲ್ಲೇ ಇತ್ತು. ಬೇರೆ ತಾಲ್ಲೂಕಾದದ್ದು ಈಚೆಗೆ.

ದೊಡ್ಡಬಸವೇಶ್ವರನ ಗುಡಿಯ ಏಕಶಿಲೆಯ ಬಸವನನ್ನು ನೋಡಲು ಕುರುಗೋಡಿಗೆ ಹೋದವರು ತಾಲ್ಲೂಕು ಕಚೇರಿಯ ಕಡೆಗೂ ಹಾಗೇ ಒಂದು ಸುತ್ತು ಹೋಗಿಬನ್ನಿ. ಹೊರಗೆ ಪಹಣಿಗೆ, ಪೋಡಿಗೆ, ಗುಂಟೆಗಳ ತಕರಾರಿಗೆ ಬಂದವರು ಕಾದಿರುತ್ತಾರೆ. ಒಳಗೆ ಕೂತ ಅಧಿಕಾರಿಯ ಹುದ್ದೆಯನ್ನು ನಮ್ಮ ರಾಜ್ಯದ ಎಲ್ಲ ತಾಲ್ಲೂಕುಗಳಲ್ಲೂ ಒಂದೇ ರೀತಿ ಬರೆಯುತ್ತಾರೆ: ತಹಶೀಲ್ದಾರ್ ಹಾಗೂ ತಾಲ್ಲೂಕು ದಂಡಾಧಿಕಾರಿ.